ಬೀಗಿತ್ತಿಯಿಲ್ಲದ ರಾಜ್ಯೋತ್ಸವ

ಸಂತೋಷ ಅನ್ನುವುದು ಒಬ್ಬರೇ ಮೂಲೆಯಲ್ಲಿ ಕೂತು ತಿನ್ನುವ ಪದಾರ್ಥ ಅಲ್ಲ. ಯಾರಿಗಾದರೂ ಹೇಳಲೇಬೇಕು. ಹೇಳಿದಾಗ ಕೇಳಿದವರು "ಒಳ್ಳೇದಾಯ್ತು ಕಣವ್ವ" ಅಂದರೆ ಅದು ಅರ್ಧ ಸಂತೋಷ. ಕೇಳಿದವರ ಮುಖ ಒಂದಿಷ್ಟು ಸಣ್ಣಗಾಗಿ, ತುಟಿ ಓರೆಯಾಗಿ, "ಅದ್ರಲ್ಲೇನು ಅಷ್ಟು ದೊಡ್ಡದು?" ಅಂದರೆ ಆಗ ಪೂರ್ತಿ ಸಂತೋಷ. ನಾನು ಓದಿದ್ದು ನಾಲ್ಕನೇ ಕ್ಲಾಸು. ದೊಡ್ಡ ವಿಚಾರಗಳು ನನಗೆ ತಿಳಿಯವು. ಆದರೆ ಹೊಟ್ಟೆ ಉರಿಸುವ ವಿಚಾರದಲ್ಲಿ ನನ್ನನ್ನು ಪರೀಕ್ಷೆಗೆ ಕೂರಿಸಿದರೆ ಪಾಸಾಗುತ್ತೇನೆ.

ಈ ಸಲದ ಕನ್ನಡ ರಾಜ್ಯೋತ್ಸವದಲ್ಲಿ ನನ್ನ ಮೊಮ್ಮಗಳು ನಿಧಿ, ಒಂದನೇ ಕ್ಲಾಸಿನವಳು, ಮೈಕಿನ ಮುಂದೆ ನಿಂತು ಭಾಷಣ ಮಾಡಿದಳು. ಮೈಕು ಅವಳ ತಲೆಗಿಂತ ಮೇಲಿತ್ತು. ಅದನ್ನು ತಗ್ಗಿಸಲು ಬಂದ ಮೇಷ್ಟ್ರಿಗೆ "ಬೇಡ ಸಾರ್, ನಂಗೆ ಜೋರು ಬಾಯಿ ಅದೆ" ಅಂದಳು. ಅದೂ ಮೈಕಿನಲ್ಲಿ ಕೇಳಿಸಿತು. ಇದನ್ನು ನಾನು ಹಾಲಿನ ಡೇರಿಯಲ್ಲಿ ಹೇಳಿದೆ, ಬಿ.ಪಿ. ನೋಡುವ ನರ್ಸಮ್ಮನಿಗೆ ಹೇಳಿದೆ, ಸರಗೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ, ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸಿಗೂ ಹೇಳಿದೆ. ಆಕೆ ತನ್ನ ಸ್ಟಾಪು ಬರುವ ಮೊದಲೇ ಇಳಿದುಹೋದಳು. ಎಲ್ಲರೂ "ಒಳ್ಳೇದಾಯ್ತು" ಅಂದವರೇ. ನನಗೆ ಬೇಕಾಗಿದ್ದ ಆ ಓರೆ ತುಟಿ ಮಾತ್ರ ಎಲ್ಲೂ ಸಿಗಲಿಲ್ಲ. ಅದು ಅಮ್ಮಿಣಿಯದು. ಅಮ್ಮಿಣಿ ನನ್ನ ಬೀಗಿತ್ತಿ, ಅಳಿಯನ ತಾಯಿ, ಕೇರಳದವಳು. ಈ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು.

ಕೇರಳದವಳು ನನ್ನ ಬೀಗಿತ್ತಿ ಆದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಶುಂಠಿ ಬೆಳೆಯಲು ಗಡಿಯಾಚೆಯಿಂದ ಮಲಯಾಳಿಗಳು ಬರುತ್ತಾರೆ. ಹೊಲವನ್ನು ಗುತ್ತಿಗೆಗೆ ಹಿಡಿದು, ಮೂಲೆಯಲ್ಲೊಂದು ತಗಡಿನ ಶೆಡ್ಡು ಹಾಕಿಕೊಂಡು, ಶುಂಠಿ ಕಿತ್ತ ಮೇಲೆ ಬೇರೆ ಹೊಲ ಹುಡುಕುತ್ತಾರೆ. ಒಂದೇ ಮಣ್ಣಿಗೆ ಮತ್ತೆ ಮತ್ತೆ ಶುಂಠಿ ಹಾಕಿದರೆ ಕೊಳೆ ರೋಗ ಹಿಡಿಯುತ್ತದೆ. ಹಾಗೆ ನಮ್ಮ ಹೊಲಕ್ಕೆ ಬಂದವನು ಬಿಜು ಅನ್ನುವ ಹುಡುಗ. ಅವನಿಗೆ ಅಡಿಗೆ ಮಾಡಿ ಹಾಕಲು ಜೊತೆಗೆ ಬಂದವಳು ಅವನ ವಿಧವೆ ತಾಯಿ. ಶುಂಠಿ ಕಿತ್ತುಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆವು, ನಮ್ಮ ಮಗಳು ಸವಿತಳನ್ನೂ ಕಿತ್ತರು. ಮದುವೆಯ ಮಾತು ಬಂದಾಗ ನಾನು ಮೂರು ಹೊತ್ತು ಅನ್ನ ಬಿಟ್ಟೆ. ನಮ್ಮ ಯಜಮಾನರು, "ಮುದ್ದೆ ಬಿಟ್ಟಿದ್ರೆ ನಂಬ್ತಿದ್ದೆ, ಅನ್ನ ತಾನೇ" ಅಂದು ಎದ್ದುಹೋದರು. ಕಡೆಗೆ ಒಪ್ಪಿದೆ. ಮಗಳು ಕಣ್ಮರೆಯಾಗುತ್ತಾಳೆ ಅಂತ ಅತ್ತಿದ್ದೇ ಬಂತು, ಅಳಿಯ ಊರಿಗೆ ಹೋಗಲೇ ಇಲ್ಲ. ನಮ್ಮ ಹೊಲದ ಬದುವಿನಾಚೆ ಒಂದು ತುಂಡು ಜಾಗದಲ್ಲಿ ಮನೆ ಕಟ್ಟಿದ. ಮಗಳನ್ನು ಕೇರಳಕ್ಕೆ ಕೊಟ್ಟೆ ಅಂತ ಊರೆಲ್ಲ ಆಡಿಕೊಂಡಿತು; ನಿಜವಾಗಿ ನೋಡಿದರೆ ಕೇರಳವೇ ನಮ್ಮ ಬದುವಿಗೆ ಬಂದು ಕೂತಿತ್ತು.

ಅಮ್ಮಿಣಿ ನನ್ನನ್ನು ಮೊದಲ ದಿನದಿಂದ "ಚೇಚಿ" ಅಂತ ಕರೆದಳು. ಏನೋ ಗೌರವದ ಮಾತು ಅಂತ ನಾನೂ ಬೀಗುತ್ತಿದ್ದೆ. ಚೇಚಿ ಅಂದರೆ ಅಕ್ಕ ಅಂತ ಅಳಿಯ ಹೇಳಿದ ದಿನ ನನ್ನ ಮೈಯೆಲ್ಲ ಉರಿಯಿತು. ಅವಳ ತಲೆ ನನ್ನ ತಲೆಗಿಂತ ಬೆಳ್ಳಗಿತ್ತು. "ನಾನ್ಯಾವ ಸೀಮೆ ಅಕ್ಕನೇ ನಿಂಗೆ? ನೀನೇ ನನ್ನ ಅಕ್ಕ" ಅಂದೆ. "ನನ್ನ ತಲೆ ಎಣ್ಣೆ ಹಾಕಿ ಬೆಳ್ಳಗಾದ್ದು, ನಿಮ್ದು ವಯಸ್ಸಾಗಿ" ಅಂದಳು. ಅಲ್ಲಿಂದ ಶುರುವಾಯಿತು. ಇಬ್ಬರೂ ತಂಗಿಯಾಗಲು ಹೊಡೆದಾಡಿದೆವು. ಎರಡು ರಾಜ್ಯಗಳ ಜಗಳ ಅಂತ ಪೇಪರಿನಲ್ಲಿ ಏನೇನೋ ಬರೆಯುತ್ತಾರೆ, ನಮ್ಮ ಬದುವಿನ ಮೇಲೆ ನಡೆಯುತ್ತಿದ್ದುದರ ಮುಂದೆ ಅದೆಲ್ಲ ಮಕ್ಕಳಾಟ.

ಅವಳಿಗೆ ನಾವು ಮುದ್ದೆ ನುಂಗುವುದನ್ನು ಕಂಡರೆ ಆಗದು. "ಅಗಿಯದೆ ನುಂಗೋದು ಎಂಥದು ಚೇಚಿ? ದೇವ್ರು ಹಲ್ಲು ಯಾಕೆ ಕೊಟ್ಟ?" ಅನ್ನುವಳು. "ನಿಮ್ಮ ಕುಸುಬಲಕ್ಕಿ ಅಗ್ದು ಅಗ್ದು ಹಲ್ಲು ಉದುರೋದ್ಮೇಲೆ ನೀನೂ ನುಂಗ್ತೀಯ ಬುಡು" ಅನ್ನುವೆ. ಕನ್ನಡದವರು ಹೊಲ ಗುತ್ತಿಗೆಗೆ ಕೊಟ್ಟು ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಾರೆ ಅಂತ ಅವಳ ಆರೋಪ. ನಮ್ಮ ಯಜಮಾನರು ಆ ಹೊತ್ತಿಗೆ ಸರಿಯಾಗಿ ಟೀ ಅಂಗಡಿಯಿಂದಲೇ ಬಂದು ನನ್ನ ಮಾನ ಕಳೆಯುವರು. ಮಲಯಾಳಿಗಳು ಮಣ್ಣಿನ ಸಾರವನ್ನೆಲ್ಲ ಹೀರಿ ಮುಂದಿನ ಹೊಲಕ್ಕೆ ಹೋಗುತ್ತಾರೆ ಅಂತ ನನ್ನ ಆರೋಪ. "ನಾನು ಹೋಗ್ಲಿಲ್ಲವಲ್ಲ" ಅನ್ನುವಳು. "ಅದೇ ನನ್ನ ತಕರಾರು" ಅನ್ನುವೆ. ನಾವು ಸಾಂಬಾರಿಗೆ ಬೆಲ್ಲ ಹಾಕುತ್ತೇವೆ ಅಂತಲೂ ಒಂದು ಮಾತು ಎಸೆದಿದ್ದಳು. ಅದು ಹೋಟೆಲಿನವರ ಕೆಲಸ, ನಮ್ಮ ಮನೆಗೂ ಅದಕ್ಕೂ ಸಂಬಂಧವಿಲ್ಲ ಅಂತ ಒಂದು ತಿಂಗಳು ವಾದಿಸಿದೆ. ಇವತ್ತಿಗೂ ಆ ವಿಷಯದಲ್ಲಿ ನಾನು ನಿರಪರಾಧಿ.

ಆನೆಗಳ ಲೆಕ್ಕಾಚಾರ ಬೇರೆಯೇ ಇತ್ತು. ಕಾಡಂಚಿನ ಊರು ನಮ್ಮದು. ಕಾಡು ಎರಡು ರಾಜ್ಯಕ್ಕೂ ಸೇರಿದ್ದು. ಆನೆ ಬಂದು ಶುಂಠಿ ಮಡಿ ತುಳಿದರೆ ಅಮ್ಮಿಣಿ, "ನಿಮ್ಮ ಆನೆ ಚೇಚಿ, ನಮ್ಮ ಆನೆಗೆ ಶುಂಠಿ ಗೊತ್ತು, ಅದು ಪಕ್ಕದಲ್ಲಿ ನಡೀತದೆ" ಅನ್ನುವಳು. ನಮ್ಮ ಬಾಳೆ ಮುರಿದರೆ ನಾನು, "ನಿಮ್ಮದೇ ಕಣೇ, ನಮ್ಮದು ಬಾಳೆ ಹಣ್ಣಾಗೋಗಂಟ ಕಾಯ್ತದೆ" ಅನ್ನುವೆ. ಒಂದು ಸಂಜೆ ಒಂಟಿ ಸಲಗ ಬದುವಿನ ಹತ್ತಿರ ಬಂದು ನಿಂತಾಗ ನಾನು ಬಾಯಿ ಒಣಗಿ ಗೋಡೆಗೆ ಅಂಟಿಕೊಂಡಿದ್ದೆ. ಅವಳು ತಟ್ಟೆ ಬಡಿಯುತ್ತ ಮಲಯಾಳದಲ್ಲಿ ಬೈದಳು. ಆನೆ ಒಂದು ಗಳಿಗೆ ಕಿವಿ ನಿಮಿರಿಸಿ ಹಿಂದಕ್ಕೆ ತಿರುಗಿತು. "ನೋಡಿದ್ರಾ, ಭಾಷೆ ಅರ್ಥವಾಯ್ತು" ಅಂದಳು. "ಅರ್ಥವಾಗ್ದೆ ಹೆದರ್ಕೊಂಡು ಓಯ್ತು ಕಣೇ" ಅಂದೆ. ಮನಸ್ಸಿನಲ್ಲಿ ಅವಳಿಗೆ ಕೈ ಮುಗಿದಿದ್ದೆ ಅನ್ನುವುದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ.

ನೀರಿನ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಕಬಿನಿ ಡ್ಯಾಮು ನಮ್ಮ ತಾಲೂಕಿನ ಹೆಮ್ಮೆ. ಆದರೆ ಅದು ತುಂಬುವುದು ಅವಳ ತವರಿನ ಬೆಟ್ಟದಲ್ಲಿ ಮಳೆಯಾದರೆ. ಡ್ಯಾಮು ತುಂಬಿದ ಸುದ್ದಿ ಬಂದ ದಿನ ಅಮ್ಮಿಣಿಯ ನಡಿಗೆಯೇ ಬದಲಾಗುತ್ತಿತ್ತು, ಅವಳೇ ಕೊಡದಲ್ಲಿ ಹೊತ್ತು ತಂದು ಸುರಿದ ಹಾಗೆ. "ನಮ್ಮಣ್ಣನ ಮಕ್ಕಳು ಮಿಂದ ನೀರು ಚೇಚಿ, ಕುಡೀರಿ ಕುಡೀರಿ" ಅನ್ನುವಳು. "ಬಾವಲಿ ಗಡಿ ದಾಟಿದ್ಮೇಲೆ ಅದು ಕನ್ನಡದ ನೀರು ಕಣೇ, ಯಾರು ಮಿಂದಿದ್ರೂ ಅಷ್ಟೆ" ಅನ್ನುವೆ. ಟಿ.ವಿ.ಯಲ್ಲಿ ತಮಿಳುನಾಡಿನವರು ನೀರು ಕೇಳುವ ಸುದ್ದಿ ಬಂದಾಗ ಮಾತ್ರ ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಒಟ್ಟಿಗೆ ಬೈಯುತ್ತಿದ್ದೆವು. ಅವಳ ನ್ಯಾಯದ ಪ್ರಕಾರ ಮೇಲಿನವರದೇ ನೀರು, ನನ್ನ ನ್ಯಾಯದ ಪ್ರಕಾರ ಗಡಿ ದಾಟಿದ ಮೇಲೆ ಕೆಳಗಿನವರದು. ಹಾಗಾದರೆ ಗಡಿ ದಾಟಿದ ನೀರು ತಮಿಳರದಲ್ಲವೇ ಅಂತ ಯಜಮಾನರು ಒಂದು ಸಲ ಕೇಳಿ ಆ ರಾತ್ರಿ ತಣ್ಣಗಿನ ಸಾರು ಉಂಡರು.

ಇಷ್ಟೆಲ್ಲ ಜಗಳದಲ್ಲಿ ಒಂದು ಲಾಭವಾಯಿತು. ಅಮ್ಮಿಣಿ ಕನ್ನಡ ಕಲಿತಳು. ಕಲಿಸಿದವಳು ನಾನು. ಆದರೆ ಕಲಿಸಿದ್ದೆಲ್ಲ ಜಗಳದಲ್ಲಾದ್ದರಿಂದ ಅವಳಿಗೆ ಬಂದದ್ದು ಬರೀ ಜಗಳದ ಕನ್ನಡ. ಒಂದು ದಿನ ಸರಗೂರಿನ ಸಂತೆಯಲ್ಲಿ ಟೊಮೆಟೊ ಮಾರುವವನ ಮುಂದೆ ನಿಂತು, ನಮಸ್ಕಾರ ಹೇಳುವಷ್ಟು ಮೆತ್ತಗೆ ನಗುತ್ತ, "ಏನ್ಲಾ, ಕಣ್ಣು ಕಾಣಕಿಲ್ವಾ? ಕೊಳ್ತಿರೋದ ಯಾರ ತಲೆಗೆ ಕಟ್ತೀಯ?" ಅಂದಳು. ಅವನು ಬೆಚ್ಚಿಬಿದ್ದು ಒಂದು ಹಿಡಿ ಜಾಸ್ತಿ ಹಾಕಿ, "ಯಾರವ್ವ ಇವ್ರು? ಕೇರಳದೋರಾ?" ಅಂತ ನನ್ನ ಕೇಳಿದ. "ಯಾವ ಕೇರಳ? ನಮ್ಮೂರವಳೇ ಕಣಪ್ಪ" ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. "ಇನ್ನೊಂದು ಹಿಡಿ ಹಾಕ್ಲಿ ಅಂತ ಅಂಗಂದೆ, ಅಷ್ಟೆ" ಅಂದೆ. "ಸರಿ ಚೇಚಿ" ಅಂದಳು. ಅವಳು ವಾದ ಮಾಡದೆ ಸರಿ ಅಂದದ್ದು ಆ ದಿನ ಮಾತ್ರ.

ನಿಧಿ ಹುಟ್ಟಿದ ಮೇಲೆ ನಮ್ಮ ಜಗಳಕ್ಕೆ ಒಬ್ಬ ಜಡ್ಜಿ ಸಿಕ್ಕಳು. ನಾನು ಅವಳಿಗೆ ಅಜ್ಜಿ, ಅಮ್ಮಿಣಿ ಅಚ್ಛಮ್ಮ. ಅಪ್ಪನ ತಾಯಿಯನ್ನು ಅವರಲ್ಲಿ ಹಾಗೆ ಕರೆಯುತ್ತಾರೆ. ಮಗು ನನ್ನ ಜೊತೆ ಕನ್ನಡ, ಅವಳ ಜೊತೆ ಮಲಯಾಳ, ಬದುವಿನ ಮೇಲೆ ನಿಂತರೆ ಎರಡೂ. ಇಷ್ಟು ಬುದ್ಧಿವಂತ ಮಗುವನ್ನು ನಾನು ನಮ್ಮ ಹೋಬಳಿಯಲ್ಲೇ ಕಂಡಿಲ್ಲ. ಬುದ್ಧಿ ನಮ್ಮ ಕಡೆಯದು ಅಂತ ನಾನು, ಅವರ ಕಡೆಯದು ಅಂತ ಅವಳು. ಮೂಗು ಮಾತ್ರ ನಮ್ಮ ಯಜಮಾನರದು ಅಂತ ಇಬ್ಬರೂ ಒಪ್ಪಿದ್ದೆವು, ಅದನ್ನು ಯಾರೂ ಕೇಳಿಕೊಂಡು ಬಂದಿರಲಿಲ್ಲ.

ಜಗಳಗಳ ರಾಜ ಅಂದರೆ ನವೆಂಬರ್ ಒಂದರ ಜಗಳ. ಆ ದಿನ ನಮ್ಮೂರ ಶಾಲೆಯಲ್ಲಿ ಬಾವುಟ ಹಾರಿಸುತ್ತಾರೆ, ಲಾಡು ಹಂಚುತ್ತಾರೆ, ಊರವರೆಲ್ಲ ಹೋಗುತ್ತೇವೆ. ನಾನು ಅರಿಶಿನ ಬಣ್ಣದ ಸೀರೆಗೆ ಕೆಂಪು ರವಿಕೆ ತೊಟ್ಟು, ಎದ್ದು ನಿಂತ ಬಾವುಟದ ಹಾಗೆ ಹೋಗುತ್ತಿದ್ದೆ. ಅಮ್ಮಿಣಿ ವರ್ಷವೆಲ್ಲ ಹೂವಿನ ಸೀರೆಯೋ ನೈಟಿಯೋ ಹಾಕುವವಳು, ಆವತ್ತು ಮಾತ್ರ ಪೆಟ್ಟಿಗೆಯಿಂದ ಚಿನ್ನದ ಅಂಚಿನ ಬಿಳಿ ಸೀರೆ ತೆಗೆದು ಉಟ್ಟು ಬರುವಳು. ನಮ್ಮಲ್ಲಿ ಬಿಳಿ ಸೀರೆ ಯಾವಾಗ ಉಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಮೊದಲ ಸಲ ನೋಡಿದಾಗ ನನಗೆ ಅಳು ಬರುವಷ್ಟು ಕೋಪ ಬಂತು. "ನಮ್ಮ ಹಬ್ಬದ ದಿನ ಸಾವಿನ ಮನೆಗೆ ಬಂದಂಗೆ ಬಂದಿದ್ದೀಯಲ್ಲೇ!" ಅಂದೆ. ಅವಳು ಆಶ್ಚರ್ಯದಿಂದ, "ನಮ್ದೂ ಇವತ್ತೇ ಚೇಚಿ. ಕೇರಳ ಹುಟ್ಟಿದ್ದೂ ಇವತ್ತೇ. ನಮ್ಮ ಕಡೆ ಹೆಂಗಸರೆಲ್ಲ ಇವತ್ತು ಇದೇ ಉಡೋದು" ಅಂದಳು.

ನೀವೇ ಹೇಳಿ, ಯಾರು ನಂಬುತ್ತಾರೆ? "ವರ್ಷದಲ್ಲಿ ಅಷ್ಟೊಂದು ದಿನ ಬಿದ್ದವೆ, ನಿಮ್ಗೆ ನಮ್ಮ ದಿನಾನೇ ಬೇಕಾ? ಹೊಲ ಆಯ್ತು, ಮಗಳಾಯ್ತು, ಈಗ ಹಬ್ಬಾನೂ ಗುತ್ತಿಗೆಗೆ ಹಿಡೀತೀರಾ?" ಅಂದೆ. ಅವಳು ತನ್ನ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು, ಕತ್ತು ಒಂದು ಕಡೆ ವಾಲಿಸಿ, "ಸತ್ಯಂ ಚೇಚಿ, ನಮ್ದೂ ಇವತ್ತೇ!" ಅಂದಳು. "ಸುಳ್ಳು ಕಣೇ" ಅಂದೆ ನಾನು. ಅಲ್ಲಿಂದ ಪ್ರತಿ ವರ್ಷ ಇದೇ. ಬಾವುಟ ಹಾರಿಸಿ ಮನೆಗೆ ಬಂದು, ನಮ್ಮ ಜಗಲಿಯ ಮೇಲೆ ಎರಡು ಮಣೆ ಹಾಕಿಕೊಂಡು ಎದುರು ಬದುರು ಕೂತು ಜಗಳ. ಇಬ್ಬರ ಪಾಲಿನ ಲಾಡೂ ನಡುವೆ. ನಿಧಿ ಜಡ್ಜಿ. ಯಾರು ಗೆದ್ದರು ಅಂತ ಹೇಳಬೇಕು. ಅವಳು ಒಂದು ವರ್ಷ ಅಜ್ಜಿ ಅನ್ನುವಳು, ಇನ್ನೊಂದು ವರ್ಷ ಅಚ್ಛಮ್ಮ ಅನ್ನುವಳು, ಎರಡು ಲಾಡನ್ನೂ ಎಲ್ಲ ವರ್ಷವೂ ತಾನೇ ತಿನ್ನುವಳು. ಇಂಥ ನ್ಯಾಯ ಹೈಕೋರ್ಟಿನಲ್ಲೂ ಸಿಗುವುದಿಲ್ಲ.

ಆಷಾಢ ಕಳೆದು ಮಳೆ ಹೊಳವಾಗಿದ್ದ ಒಂದು ಬೆಳಿಗ್ಗೆ ಅಮ್ಮಿಣಿ ಶುಂಠಿ ಮಡಿಯಲ್ಲಿ ಕಳೆ ಕೀಳುತ್ತ ಕೂತವಳು ಏಳಲಿಲ್ಲ. ಎದೆಯ ತೊಂದರೆ ಅಂದರು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮುಗಿದಿತ್ತು. ಅವಳ ಅಣ್ಣ ಮಾನಂದವಾಡಿ ಕಡೆಯಿಂದ ಬಂದರು. ತಮ್ಮ ಮನೆಯ ತೋಟದಲ್ಲೇ ಸಂಸ್ಕಾರ ಮಾಡಬೇಕು ಅಂದರು. ಅಳಿಯ ನನ್ನ ಹತ್ತಿರ ಬಂದು, "ಅತ್ತೆ, ನೀವೇನಂತೀರಿ?" ಅಂತ ಕೇಳಿದ. ಇಲ್ಲೇ ಇರಲಿ, ಈ ಬದುವಿನ ಪಕ್ಕದಲ್ಲೇ ಇರಲಿ ಅಂತ ನನಗೆ ಹೇಳಬೇಕಾಗಿತ್ತು. ಊರಿಗೆಲ್ಲ ಕೇಳುವ ಬಾಯಿ ನನ್ನದು, ಆವತ್ತು ಬರಲೇ ಇಲ್ಲ. ಅಷ್ಟು ವರ್ಷ ಜಗಳದ ಕೊನೆಗೆ "ಓಗೇ, ನಿಮ್ಮೂರ್ಗೆ ಓಗು" ಅನ್ನುತ್ತಿದ್ದೆ. ಅವಳು ಮರುದಿನ ಬೆಳಿಗ್ಗೆ ಒಂದು ಪಾತ್ರೆಯಲ್ಲಿ ಮೀನು ಸಾರು ಹಿಡಿದು ಬದು ದಾಟಿ ಬರುತ್ತಿದ್ದಳು. ನನ್ನ ಮಾತು ಕೇಳಿ ಅವಳು ನಿಜವಾಗಿ ಹೋದದ್ದು ಈ ಸಲ ಮಾತ್ರ.

ನಾನೂ ಹೋದೆ. ಕಾಡು ದಾಟಿ, ಬಾವಲಿಯ ಚೆಕ್‌ಪೋಸ್ಟು ದಾಟಿ, ಸೇತುವೆಯ ಆಚೆ ಬೋರ್ಡುಗಳ ಅಕ್ಷರ ಬದಲಾದವು. ನಾಲ್ಕನೇ ಕ್ಲಾಸು ಓದಿದ್ದೂ ಅಲ್ಲಿಗೆ ನಿಂತುಹೋಯಿತು. ಅವಳ ಅಣ್ಣನ ಮನೆಯಲ್ಲಿ ಹೆಂಗಸರು ನನ್ನ ಕೈ ಹಿಡಿದು ಏನೇನೋ ಹೇಳಿದರು. ಕರಿ ಟೀ ಕೊಟ್ಟರು. ನನಗೆ ಬರುವ ಮಲಯಾಳವೂ ಜಗಳದ ಮಲಯಾಳ, ಪೋಡಿ, ಅಂದರೆ ಹೋಗೇ, ಅಂತ ಅಲ್ಲಿ ಯಾರಿಗೆ ಹೇಳಲಿ? ಗೋಡೆಗೆ ಒರಗಿ ಸುಮ್ಮನೆ ಕೂತೆ. ಮಾತು ಬಾರದ ಊರಲ್ಲಿ ಅರ್ಧ ದಿನ ಕೂರುವುದೇ ಇಷ್ಟು ಕಷ್ಟವಾದರೆ ಅವಳು ನಮ್ಮ ಹೊಲದ ಮೂಲೆಯಲ್ಲಿ ಆ ತಗಡಿನ ಶೆಡ್ಡಿನೊಳಗೆ ಮೊದಲ ವರ್ಷ ಹೇಗೆ ಕಳೆದಳೋ ಅಂತ ಆಗ ಮೊದಲ ಸಲ ಯೋಚನೆ ಬಂತು. ಅಲ್ಲಿ ನನ್ನ ಜೊತೆ ಜಗಳ ಆಡಲು ಒಬ್ಬರಾದರೂ ಬಂದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ವಾಪಸು ಬಂದ ಮೇಲೆ ಬದುವಿನ ಎರಡು ಕಡೆಯೂ ನಮ್ಮದೇ ರಾಜ್ಯವಾಯಿತು. ಮಗಳು ಮನೆಯಲ್ಲಿ ಕನ್ನಡ, ಅಳಿಯನೂ ಕನ್ನಡ, ಮಗು ಶಾಲೆಯಲ್ಲಿ ಕನ್ನಡ. ಮಲಯಾಳದಲ್ಲಿ ಮಾತಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಮೊದಲು ನಿಧಿ ದಿನವೂ ಅಚ್ಛಮ್ಮ ಅಚ್ಛಮ್ಮ ಅನ್ನುತ್ತಿದ್ದಳು. ಆಮೇಲೆ ಎರಡು ದಿನಕ್ಕೊಮ್ಮೆ ಆಯಿತು. ದಸರಾ ರಜೆಯಲ್ಲಿ ಒಂದು ದಿನ ನಾನು ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ತಟ್ಟನೆ ತಿರುಗಿ, "ಅಜ್ಜಿ, ಅಚ್ಛಮ್ಮನ ಮುಖ ಗೊತ್ತದೆ, ದನಿ ಎಂಗಿತ್ತು ಅಂತ ಮರ್ತೋಗದೆ" ಅಂದಳು. ನನ್ನ ಕೈ ಅವಳ ತಲೆಯ ಮೇಲೆ ಹಾಗೇ ನಿಂತಿತು. ಮೊಬೈಲಿನಲ್ಲಿ ಫೋಟೋಗಳಿವೆ. ವಿಡಿಯೋ ಹಿಡಿದರೆ ಆ ಹೆಂಗಸು ಮಿಲಿಟರಿಯವರ ಹಾಗೆ ನೆಟ್ಟಗೆ ನಿಂತು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಊರೆಲ್ಲ ಕೇಳಿದ ಬಾಯಿ, ಮೊಬೈಲಿಗೆ ಒಂದು ಮಾತೂ ಸಿಕ್ಕಿಲ್ಲ. "ಅಜ್ಜಿ, ನೀವು ಅಚ್ಛಮ್ಮನಂಗೆ ಮಾತಾಡಿ" ಅಂದಳು. ಪ್ರಯತ್ನಪಟ್ಟೆ. "ಅದು ನಿಮ್ಮ ದನಿ" ಅಂದುಬಿಟ್ಟಳು. ಮಗು ಪೂರ್ತಿ ನಮ್ಮ ಕಡೆಗೇ ಬರಬೇಕು ಅಂತ ಅಷ್ಟು ವರ್ಷ ಹೊಡೆದಾಡಿದವಳು ನಾನು. ಈಗ ಬರುತ್ತಿದೆ. ಹೆದರಿಕೆಯಾಯಿತು. ಆ ಆರು ವರ್ಷದ ತಲೆಯೊಳಗೆ ಅಮ್ಮಿಣಿಯ ದನಿ ಆರಿಹೋದರೆ ಅವಳು ನಮ್ಮೂರಿಗೆ ಬಂದೇ ಇರಲಿಲ್ಲ ಅಂದ ಹಾಗಾಗುತ್ತದೆ.

ಇಷ್ಟರಲ್ಲಿ ನವೆಂಬರ್ ಒಂದು ಬಂತು. ಅರಿಶಿನದ ಸೀರೆ ಉಟ್ಟೆ. ಉಡುವಾಗ ಸೆರಗು ಯಾಕೋ ಸರಿಯಾಗಿ ಕೂರಲಿಲ್ಲ. ಶಾಲೆಯ ಅಂಗಳದಲ್ಲಿ ನಿಧಿ ಮೈಕಿನ ಮುಂದೆ ನಿಂತು, "ನಮ್ಮ ರಾಜ್ಯ ಕರ್ನಾಟಕ. ನಮ್ಮ ಭಾಷೆ ಕನ್ನಡ. ನಮ್ಮ ನದಿ ಕಬಿನಿ" ಅಂದಳು. ಎಂಥ ಕಂಠ! ನನ್ನ ಎದೆ ಎಷ್ಟು ಉಬ್ಬಿತು ಅಂದರೆ ರವಿಕೆಯ ಹುಕ್ಕು ಹೋಯಿತು. ಆದರೆ ನಮ್ಮ ನದಿ ಅಂದ ಕೂಡಲೇ ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ನೀರು ಯಾರದು ಅಂತ ಕೆಮ್ಮುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದವಳು ನಮ್ಮ ಬೀದಿಯ ಜಯಮ್ಮ. ನನ್ನ ಪಕ್ಕೆಗೆ ತಿವಿದು, "ಈ ಸಲ ಆ ಬಿಳಿ ಸೀರೆ ಇಲ್ಲ, ಹಬ್ಬ ಹಬ್ಬದಂಗೆ ಕಾಣ್ತದೆ ಕಣಕ್ಕ" ಅಂದಳು.

ಆ ಮಾತನ್ನು ಹುಟ್ಟುಹಾಕಿದವಳೇ ನಾನು. ಜಯಮ್ಮ ಪಾಪ, ನನ್ನನ್ನು ಖುಷಿಪಡಿಸಲು ಅಂದದ್ದು. ನನಗೆ ಏನಾಯಿತೋ, "ಏನೇ ಅಂದೆ? ಅವಳ ಹಬ್ಬಾನೂ ಇವತ್ತೇ ಕಣೇ! ಅವರ ರಾಜ್ಯ ಹುಟ್ಟಿದ್ದೂ ಇವತ್ತೇ! ಅವರಲ್ಲಿ ಇವತ್ತು ಅದನ್ನೇ ಉಡೋದು! ತಿಳೀದಿದ್ರೆ ಬಾಯಿ ಮುಚ್ಕೊಂಡಿರು!" ಅಂತ ಕೂಗಿದೆ. ಬಾವುಟದ ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಜಯಮ್ಮ, "ನೀನೇ ಅಲ್ವೇನಕ್ಕ ಅದು ಸುಳ್ಳು ಅಂತಿದ್ದೋಳು?" ಅಂದಳು. ಸತ್ತವಳ ಪರವಾಗಿ ಒಂದು ಸುಳ್ಳು ಹೇಳಿದರೆ ತಪ್ಪೇನು ಅಂತ ಕೂಗಿದ್ದೆ ಅಷ್ಟೆ, ಅದು ನಿಜ ಅಂತ ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಶಾಲೆಯ ಹೆಡ್‌ ಮೇಡಂ ಹತ್ತಿರ ಬಂದು, "ಅಮ್ಮ ಹೇಳಿದ್ದು ಸರಿ. ಕೇರಳ ಆಗಿದ್ದೂ ಇದೇ ದಿನ. ಎರಡೂ ರಾಜ್ಯ ಒಂದೇ ದಿನ ಆದವು. ನಿಮಗೆ ಎಷ್ಟು ಚೆನ್ನಾಗಿ ಗೊತ್ತಿದೆ!" ಅಂತ ನನ್ನ ಬೆನ್ನು ತಟ್ಟಿದರು. ಜೀವನದಲ್ಲಿ ಶಾಲೆಯವರು ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ.

ಮನೆಗೆ ಬಂದು ಅಳಿಯನನ್ನು ಹಿಡಿದೆ. "ಬಿಜು, ನಿಂಗೆ ಗೊತ್ತಿತ್ತಾ?" ಅವನು ತಲೆ ತಗ್ಗಿಸಿದ. "ಗೊತ್ತಿತ್ತು ಅತ್ತೆ." ಮಗಳ ಕಡೆ ನೋಡಿದೆ. ಅವಳಿಗೂ ಗೊತ್ತಿತ್ತು. ನಮ್ಮ ಯಜಮಾನರು ಟೀ ಕುಡಿಯುತ್ತ, "ನಂಗೂ ಗೊತ್ತಿತ್ತು ಕಣೆ, ಪೇಪರಲ್ಲಿ ಪ್ರತಿ ವರ್ಷ ಬತ್ತದೆ" ಅಂದರು. ಇಡೀ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ! "ಮತ್ಯಾಕ್ರೋ ಹೇಳ್ಲಿಲ್ಲ?" ಅಂದೆ. ಅಳಿಯ, "ಹೇಳೋಕೆ ಬಂದಿದ್ದೆ ಅತ್ತೆ. ಅಮ್ಮನೇ ಬೇಡ ಅಂದ್ರು. ಹೇಳಿದ್ರೆ ಚೇಚಿ ಒಪ್ಕೊಂಡ್ಬಿಡ್ತಾರೆ, ಆಮೇಲೆ ಆ ದಿನ ನಾನು ಯಾರ ಜೊತೆ ಕೂರ್ಲಿ ಅಂದ್ರು" ಅಂದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿಗೆ ಬಂದೆ.

ಜಗಲಿಯ ಮೇಲೆ ಎರಡು ಮಣೆ ಹಾಕಿತ್ತು. ನಡುವೆ ಎರಡು ಲಾಡು. ನಿಧಿ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. "ಎರಡು ಲಾಡು ಎಲ್ಲಿಂದ ಬಂತೇ?" ಅಂದೆ. "ಅಚ್ಛಮ್ಮಂದು ಮೇಡಂ ಹತ್ರ ಕೇಳ್ದೆ, ಕೊಟ್ರು. ಕೂತ್ಕೊಳಿ, ಶುರು ಮಾಡಿ" ಅಂದಳು. ನಾನು ಒಂದು ಮಣೆಯ ಮೇಲೆ ಕೂತೆ. ಎದುರಿನ ಮಣೆ ಖಾಲಿ. ಏನು ಮಾಡಲಿ? ಮಗು ಕಾಯುತ್ತಿದೆ. "ಯಾಕೆ ಬಂದೆ ಇವತ್ತು? ಇದು ನಮ್ಮ ಹಬ್ಬ ಕಣೇ" ಅಂತ ಖಾಲಿ ಮಣೆಗೆ ಹೇಳಿದೆ. ಹೇಳಿ ಎದ್ದು ಹೋಗಿ ಆ ಮಣೆಯಲ್ಲಿ ಕೂತು, "ನಮ್ಮದೂ ಇವತ್ತೇ ಚೇಚಿ" ಅಂದೆ. ಮತ್ತೆ ಎದ್ದು ಈ ಮಣೆಗೆ ಬಂದೆ. ಮಂಡಿ ನೋವಿನವಳಿಗೆ ಎರಡು ರಾಜ್ಯದ ಓಡಾಟ ಸುಲಭವೇ? ಮೂರನೇ ಸಲ ಏಳುವಾಗ ನಿಧಿ ತಲೆ ಚಚ್ಚಿಕೊಂಡಳು. "ಅಯ್ಯೋ, ಅಂಗಲ್ಲ ಅಜ್ಜಿ! ಅಚ್ಛಮ್ಮ ಅಂಗೆ ಹೇಳ್ತಿರ್ಲಿಲ್ಲ. ಇರಿ, ನೀವು ಅಲ್ಲೇ ಕೂತ್ಕೊಳಿ."

ಅವಳು ಹೋಗಿ ಎದುರಿನ ಮಣೆಯ ಮೇಲೆ ಕೂತಳು. ಲಂಗವನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡಳು, ಅಮ್ಮಿಣಿ ಸೀರೆ ಸಿಕ್ಕಿಸುತ್ತಿದ್ದ ಹಾಗೇ. ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು, ಕತ್ತನ್ನು ಒಂದು ಕಡೆ ವಾಲಿಸಿ, ಕೊನೆಯ ಮಾತನ್ನು ಬಾವಿಗೆ ಬಿಟ್ಟ ಹಗ್ಗದ ಹಾಗೆ ಎಳೆದು, "ಸತ್ಯಂ ಚೇಚಿ, ನಮ್ದೂ ಇವತ್ತೇ!" ಅಂದಳು. ಅದೇ ದನಿ. ಆ ಪುಟ್ಟ ಬಾಯಿಂದ ಅವಳೇ ಬಂದ ಹಾಗಿತ್ತು. ಮರೆತಿದ್ದೇನೆ ಅಂದುಕೊಂಡಿತ್ತು ಮಗು, ಒಳಗೆ ಎಲ್ಲ ಇತ್ತು. ಎದುರಿಗೆ ಕೂತು ಬೈಯುವವರು ಬೇಕಾಗಿತ್ತು, ಅಷ್ಟೆ. ಒಳಗಿನಿಂದ ಅಳಿಯ ಬಾಗಿಲವರೆಗೆ ಓಡಿಬಂದು ಅಲ್ಲೇ ನಿಂತ. ತಾಯಿಯೇ ಬಂದಳು ಅಂದುಕೊಂಡನೋ ಏನೋ.

ನೀನು ಹೇಳಿದ್ದು ನಿಜ ಕಣೇ, ಅಷ್ಟು ವರ್ಷವೂ ನಿಜವೇ ಆಗಿತ್ತು ಅಂತ ಹೇಳಿಬಿಡೋಣ ಅನ್ನಿಸಿತು. ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಒಪ್ಪಿಕೊಂಡರೆ ಜಗಳ ಮುಗಿಯುತ್ತದೆ, ನಿಧಿ ಮಣೆ ಎತ್ತಿಡುತ್ತಾಳೆ, ಬರುವ ವರ್ಷ ಹಾಕುವುದಿಲ್ಲ. ನೆತ್ತಿಯ ಮೇಲೆ ಕೈ ಇಟ್ಟುಕೊಂಡ ಆ ಮಗು ನನ್ನ ಉತ್ತರಕ್ಕೆ ಕಾಯುತ್ತಿತ್ತು. ಇನ್ನೊಂದು ಕೈ ಆಗಲೇ ಲಾಡಿನ ಹತ್ತಿರ ಹೋಗಿತ್ತು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬದುವಿನಾಚೆಗೂ ಕೇಳುವ ಹಾಗೆ ಅಂದೆ:

"ಸುಳ್ಳು ಕಣೇ!"